ಬಾಗಿಲ ಹಾಡು

ರಘುನಂದನನ ಕಣ್ಣಲ್ಲಿ ನೀರು ಬಂದದ್ದನ್ನು ಮೊದಲು ಕಂಡವರು ಅವನ ತಾಯಿ ವಿಜಯಮ್ಮ. ದಸರೆ ಕಳೆದ ಮೇಲಿನ ಭಾನುವಾರ ಅದು. ಪದ್ಮಾ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಹಾಲ್‌ನಿಂದ ಅತ್ತೆಯ ಕೂಗು ಕೇಳಿದ್ದೇ, ಗಂಡ ಮಂಚದಿಂದ ಉರುಳಿಬಿದ್ದನೆಂದುಕೊಂಡು ಚಾಕು ಹಿಡಿದ ಕೈಯಲ್ಲೇ ಓಡಿಬಂದಳು.

"ಅಳ್ತಿದಾನೆ ಪದ್ಮಾ! ನನ್ನ ಮಗ ಅಳ್ತಿದಾನೆ, ನೋಡು ಬಾ!"

ಹೌದು, ನೀರು ಬಂದಿತ್ತು. ಎಡಗಣ್ಣಿನ ಕೊನೆಯಿಂದ ಹೊರಟು ಕಿವಿಯ ಕಡೆಗೆ ಇಳಿಯುತ್ತಿತ್ತು. ಮುಖ ಮಾತ್ರ ಎಂದಿನಂತೆಯೇ ಇತ್ತು. ಹುಬ್ಬು ಗಂಟಾಗಿರಲಿಲ್ಲ, ತುಟಿ ನಡುಗಿರಲಿಲ್ಲ. ದಿಂಬಿನ ಪಕ್ಕದಲ್ಲಿ ವಿಜಯಮ್ಮನ ಫೋನು ಹಾಡುತ್ತಿತ್ತು.

ಒಳಗಿನಿಂದ ಮಗಳು ಪ್ರಕೃತಿ ಬಂದಳು. ಅಪ್ಪನ ಕೆನ್ನೆ ಮುಟ್ಟಿ ನೋಡಿ, ಒದ್ದೆಯಾದ ಬೆರಳನ್ನು ಅಜ್ಜಿಗೆ ತೋರಿಸಿದಳು. "ಪಪ್ಪಾ ಸುನ್ ರಹೇ ಹೈಂ! ಅಮ್ಮ, ಪಪ್ಪಾಗೆ ಕೇಳಿಸ್ತಿದೆ!" ಎಂದು ಅಜ್ಜಿಯನ್ನು ತಬ್ಬಿಕೊಂಡು ಕುಣಿದಳು. ಆಚೆ ಬದಿಯಲ್ಲಿ ನಿಂತು ಹಾಸಿಗೆ ಬದಲಿಸುತ್ತಿದ್ದ ಆರೈಕೆಯ ಹುಡುಗ ಮನೋಜ್ ಕೈಮುಗಿದು, "ಚಮತ್ಕಾರ್ ಹೈ ಮಾತಾಜಿ" ಎಂದ.

ಪದ್ಮಾ ಆ ಹಾಡನ್ನು ಗುರುತಿಸಿದಳು. ಊರು ಬಿಟ್ಟು ಹೊರಟವನಿಗೆ ಹೆಣ್ಣೊಬ್ಬಳು, ನೀನು ಬರುವತನಕ ಬಾಗಿಲಿಗೆ ಅಗುಳಿ ಹಾಕುವುದಿಲ್ಲ ಎಂದು ಹೇಳುವ ಹಾಡು. ಕಪ್ಪುಬಿಳುಪು ಕಾಲದ್ದು. ಮೊದಲು ಒಂದೇ ಒಂದು ಕೊಳಲು, ಆಮೇಲೆ ಪಿಟೀಲುಗಳು, ಆಮೇಲೆ ಆ ದನಿ. ಅತ್ತೆ ಅದನ್ನು ಬಾಗಿಲ ಹಾಡು ಎನ್ನುತ್ತಿದ್ದರು. ಪದ್ಮಾ ಮುಂದೆ ಬಾಗಿ ಫೋನು ಆರಿಸಿದಳು.

"ಯಾಕೆ ಆರಿಸಿದೆ?"

"ಸುಸ್ತಾಗತ್ತೆ ಅವರಿಗೆ. ಉಪ್ಪಿಟ್ಟು ತಿನ್ನಿ ಬನ್ನಿ."

ಅವತ್ತು ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನೇ ಅವಳು ಮರೆತಿದ್ದಳು. ಉಳಿದಿಬ್ಬರೂ ಅದನ್ನು ಗಮನಿಸಲಿಲ್ಲ.

ಮಾರ್ಚ್ ತಿಂಗಳಲ್ಲಿ ಮೆಟ್ರೊ ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದ ರಘುನಂದನನಿಗೆ ಅಡ್ಡದಾರಿಯಲ್ಲಿ ನುಗ್ಗಿಬಂದ ಕಾರೊಂದು ಗುದ್ದಿತ್ತು. ತಲೆಗೆ ಎರಡು ಸಲ ಆಪರೇಷನ್ ಆಯಿತು. ಮೇ ಕೊನೆಗೆ ಅವನನ್ನು ದೆಹಲಿ ಪಕ್ಕದ ಇಂದಿರಾಪುರಂನ ಹತ್ತನೆಯ ಮಹಡಿಯ ಈ ಫ್ಲ್ಯಾಟಿಗೆ ತಂದರು. ಸೋಫಾ ಪಕ್ಕದ ಮನೆಗೆ ಹೋಯಿತು, ಅದರ ಜಾಗಕ್ಕೆ ಆಸ್ಪತ್ರೆಯ ಮಂಚ ಬಂತು. ಬೆಳಿಗ್ಗೆ ಅವನ ಕಣ್ಣು ತೆರೆಯುತ್ತಿತ್ತು, ರಾತ್ರಿ ಮುಚ್ಚುತ್ತಿತ್ತು. ನಡುವೆ ಅದು ಏನನ್ನೂ ನೋಡುತ್ತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಸೋಸಿದ ಗಂಜಿ ಬಿಡಬೇಕು, ಗಂಟಲಿನ ಕಫ ತೆಗೆಯಬೇಕು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿರಬೇಕು. ಹಗಲಿಗೆ ಮನೋಜ್ ಬರುತ್ತಿದ್ದ. ನೋಯ್ಡಾದ ಆಫೀಸಿನಲ್ಲಿ ಪದ್ಮಾಳಿಗೆ ಕೊಟ್ಟಿದ್ದ ರಜೆಯೆಲ್ಲ ಮುಗಿದಿತ್ತು. ಎರಡು ವಾರಕ್ಕೆಂದು ದಾವಣಗೆರೆಯಿಂದ ಬಂದಿದ್ದ ವಿಜಯಮ್ಮ ಹಿಂದಿರುಗುವ ಮಾತನ್ನೇ ಎತ್ತಿರಲಿಲ್ಲ.

ಹಳೆಯ ಹಾಡುಗಳು ಶುರುವಾದದ್ದು ಶ್ರಾವಣದಲ್ಲಿ, ಬಾಗಿಲ ಹಾಡಿನ ಸರದಿ ಬಂದದ್ದು ಆ ಭಾನುವಾರ. "ಔಷಧಿ ಮಾತು ಕೇಳದ ಜೀವ ಹಾಡಿನ ಮಾತು ಕೇಳೀತು" ಎಂದು ವಿಜಯಮ್ಮ ಮೊಮ್ಮಗಳಿಗೆ ಹೇಳಿದರು. ಅಜ್ಜಿ ಅರ್ಧ ಸಾಲು ಗುನುಗಿದರೆ ಸಾಕು, ಪ್ರಕೃತಿ ಹುಡುಕಿ ಹಾಕಿಕೊಡುತ್ತಿದ್ದಳು. ಹನ್ನೊಂದನೆಯ ತರಗತಿಯ ಹುಡುಗಿ, ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಈಗ ಹಾಡಿನ ಹೆಸರಿಗೋಸ್ಕರ ಅಕ್ಷರ ಕೂಡಿಸಿ ಓದತೊಡಗಿದ್ದಳು. ಯಾವ ಹಾಡನ್ನು ಟೆಂಟ್ ಸಿನಿಮಾದಲ್ಲಿ ನೋಡಿದ್ದು, ಯಾವುದಕ್ಕೆ ಇಡೀ ಹೆಂಗಸರ ಕಡೆ ಸೆರಗು ಒದ್ದೆಯಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರೆ ಮೊಮ್ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ಒಂದಕ್ಷರ ಕನ್ನಡ ಬಾರದ ಮನೋಜ್ ಕೂಡ ಬಟ್ಟೆ ಹಿಂಡುವಾಗ ಅದೇ ರಾಗ ಎಳೆಯುತ್ತಿದ್ದ.

ಇಷ್ಟು ಸಂತೋಷಕ್ಕೆ ಪದ್ಮಾ ಯಾಕೆ ಕಲ್ಲಾದಳೆಂದರೆ, ಅವಳಿಗೆ ಒಂದು ವಿಷಯ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಇಬ್ಬರೂ ದೆಹಲಿಯ ಕನ್ನಡಿಗರ ರಾಜ್ಯೋತ್ಸವಕ್ಕೆ ಹೋಗಿದ್ದರು. ವೇದಿಕೆಯ ಮೇಲೆ ಯಾರೋ ಹೆಂಗಸು ಇದೇ ಬಾಗಿಲ ಹಾಡನ್ನು ಎತ್ತಿಕೊಂಡಳು. ಚೆನ್ನಾಗಿ ಹಾಡಿದಳು. ಪಕ್ಕಕ್ಕೆ ನೋಡಿದರೆ ಗಂಡ ಇಲ್ಲ. ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅಲ್ಲೇ ಕೂತು ಹೇಳಿದ. ದಾವಣಗೆರೆಯ ಗಿರಣಿ ಲೈನಿನ ಸಾಲುಮನೆ, ತೆಳ್ಳಗಿನ ಗೋಡೆ. ಅಪ್ಪ ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದ. ಅಕ್ಕಪಕ್ಕದವರಿಗೆ ಕೇಳಬಾರದೆಂದು ಟೇಪ್ ರೆಕಾರ್ಡರಿನಲ್ಲಿ ಹಾಡು ಜೋರು ಮಾಡುತ್ತಿದ್ದ. ಕ್ಯಾಸೆಟ್ಟಿನ ಮೊದಲ ಹಾಡು ಇದು. ಕೊಳಲು ಕೇಳಿದ್ದೇ ತಾನು ಹೊದಿಕೆಯೊಳಗೆ ಸೇರುತ್ತಿದ್ದೆ ಎಂದ.

"ಅಮ್ಮನಿಗೆ ಯಾವತ್ತೂ ಹೇಳಬೇಡ. ನನಗೇನೂ ಗೊತ್ತಿಲ್ಲ ಅಂದ್ಕೊಂಡೇ ಬದುಕಿದಾಳೆ ಅವಳು" ಎಂದು ಮಾತು ತೆಗೆದುಕೊಂಡಿದ್ದ. ಆಮೇಲೆ ಆ ವಿಷಯ ಅವರಿಬ್ಬರ ನಡುವೆ ಇನ್ನೊಮ್ಮೆ ಬರಲಿಲ್ಲ. ಹಾಡೂ ಬರಲಿಲ್ಲ.

ದೀಪಾವಳಿಗೆ ಮುಂಚೆ ಡಾಕ್ಟರ ಬಳಿ ಹೋದರು. ಪ್ರಕೃತಿ ಫೋನಿನಲ್ಲಿ ವಿಡಿಯೊ ತೆಗೆದುಕೊಂಡು ಬಂದಿದ್ದಳು. ಹಾಡು ಹಾಕಿದರೆ ನೀರು, ಆರಿಸಿದರೆ ಇಲ್ಲ, ಮತ್ತೆ ಹಾಕಿದರೆ ನೀರು. ಡಾಕ್ಟರಮ್ಮ ತಾಳ್ಮೆಯಿಂದ ನೋಡಿದರು.

"ಕೇಳಿಸುತ್ತಿರಬಹುದು. ಅಥವಾ ಬರೀ ದೇಹದ ಪ್ರತಿಕ್ರಿಯೆಯೂ ಇರಬಹುದು. ನಾನು ಸುಳ್ಳು ಭರವಸೆ ಕೊಡಲಾರೆ" ಎಂದರು. ಆಮೇಲೆ ಪದ್ಮಾಳ ಕಡೆ ತಿರುಗಿದರು. "ದೆಹಲಿಯ ಹೊಗೆ ಶುರುವಾಗಿದೆ. ಈ ಸ್ಥಿತಿಯಲ್ಲಿರುವವರಿಗೆ ಚಳಿಗಾಲದಲ್ಲಿ ನ್ಯುಮೋನಿಯಾ ಬರುವುದು ಜಾಸ್ತಿ. ಬಂದರೆ ಐಸಿಯುಗೆ ತಂದು ಉಸಿರಿನ ಯಂತ್ರಕ್ಕೆ ಹಾಕಬೇಕೋ, ಮನೆಯಲ್ಲೇ ನೋವಾಗದಂತೆ ನೋಡಿಕೊಳ್ಳಬೇಕೋ, ಮನೆಯವರೆಲ್ಲ ಕೂತು ಈಗಲೇ ಮಾತಾಡಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಯೋಚನೆ ಮಾಡಲು ಆಗುವುದಿಲ್ಲ."

ಪ್ರಕೃತಿ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ವಿಜಯಮ್ಮ ಎದ್ದು ನಿಂತರು. "ಹಾಡು ಕೇಳಿ ಅಳೋ ಮಗನನ್ನ ಬಿಟ್ಟುಬಿಡಿ ಅಂತಿದಾಳಾ ಇವಳು? ನಡೀರಿ ಮನೆಗೆ."

ಅಲ್ಲಿಂದ ಬಾಗಿಲ ಹಾಡಿಗೆ ಬಿಡುವೇ ಇಲ್ಲವಾಯಿತು. ಬೆಳಿಗ್ಗೆ ಗಂಜಿ ಬಿಟ್ಟಾದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ದೀಪ ಹಚ್ಚಿ ಒಮ್ಮೆ. ಪ್ರತಿ ಸಲವೂ ನೀರು ಬರುತ್ತಿತ್ತು, ಪ್ರತಿ ಸಲವೂ ವಿಜಯಮ್ಮ ಸೆರಗಿನಿಂದ ಒರೆಸಿ, "ಅಳು ಮಗನೇ, ಎದೆ ಹಗುರ ಮಾಡ್ಕೊ" ಎನ್ನುತ್ತಿದ್ದರು. ಪದ್ಮಾ ಆಫೀಸಿನಿಂದ ಬಂದು ಲಿಫ್ಟಿನ ಬಾಗಿಲು ತೆರೆದದ್ದೇ ಕೊಳಲು ಕೇಳುತ್ತಿತ್ತು. ಅವಳು ಹಾಡು ಮುಗಿಯುವತನಕ ಹೊರಗೇ ನಿಲ್ಲುತ್ತಿದ್ದಳು. ಗಂಡನಿಗೆ ಏನೂ ಕೇಳಿಸುತ್ತಿಲ್ಲವಾದರೆ ಹಾಡು ನಿಲ್ಲಿಸಲು ಕಾರಣವೇ ಇಲ್ಲ. ಕೇಳಿಸುತ್ತಿದ್ದರೆ, ಕೈಕಾಲು ಆಡದವನನ್ನು ದಿನಕ್ಕೆ ಮೂರು ಸಲ ಅದೇ ಹೊದಿಕೆಯೊಳಗೆ ನೂಕುತ್ತಿದ್ದಾರೆ. ಈ ಮಾತನ್ನು ಯಾರಿಗೆ ಹೇಳುವುದು?

ಒಂದು ದಿನ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು. ಮೂಲಂಗಿ ಹುಳಿ, ಅನ್ನ. ಕಿಟಕಿಗಳನ್ನೆಲ್ಲ ಹೊಗೆಗೆ ಹೆದರಿ ಮುಚ್ಚಿದ್ದರಿಂದ ಮನೆ ತುಂಬ ಮೂಲಂಗಿಯ ವಾಸನೆ.

"ಅತ್ತೆ, ಇನ್ನು ಹಾಡು ಹಾಕೋದು ಬೇಡ. ತಲೆಗೆ ವಿಶ್ರಾಂತಿ ಬೇಕು ಅಂದಿದಾರೆ ಡಾಕ್ಟರು."

"ಯಾವಾಗ ಅಂದ್ರು?" ಪ್ರಕೃತಿ ತಟ್ಟೆಯಿಂದ ತಲೆಯೆತ್ತಿದಳು. "ಮೈಂ ವಹೀಂ ಥೀ ಅಮ್ಮ. ನಾನು ಅಲ್ಲೇ ಇದ್ದೆ. ಹಾಗೆ ಅಂದೇ ಇಲ್ಲ."

"ನಾನು ಆಮೇಲೆ ಫೋನ್ ಮಾಡಿದ್ದೆ."

"ತೋರಿಸು. ಕಾಲ್ ಲಾಗ್ ತೋರಿಸು."

"ಅಮ್ಮನ ಫೋನು ಚೆಕ್ ಮಾಡ್ತೀಯಾ ನೀನು?"

ವಿಜಯಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದರು. "ಪದ್ಮಾ, ನನ್ನ ಮಗನಿಗೆ ಕೇಳಿಸತ್ತೆ ಅನ್ನೋದು ನಿನಗೆ ಬೇಡವಾಗಿದೆ. ಯಾಕೆ ಅಂತ ಹೇಳಿಬಿಡು, ಮುಗೀತು."

"ಇಷ್ಟು ವರ್ಷದಲ್ಲಿ ಅವರು ಈ ಮನೇಲಿ ಒಂದು ಹಳೇ ಹಾಡು ಹಾಕಿದ್ದು ನೋಡಿದೀರಾ ನೀವು?"

"ಗೇಯೋ ಗಂಡಸಿಗೆ ಪುರುಸೊತ್ತೆಲ್ಲಿ? ಚಿಕ್ಕವನಿದ್ದಾಗ ಈ ಹಾಡು ಕೇಳ್ಕೊಂಡೇ ನಿದ್ದೆ ಮಾಡ್ತಿದ್ದ. ಹೊದಿಕೆ ಒಳಗೆ ಮುಖ ಇಟ್ಕೊಂಡು, ಪಿಟಕ್ಕನ್ನದೆ. ಹೆತ್ತವಳಿಗೆ ಗೊತ್ತಿರೋಲ್ವಾ?"

ಹೊದಿಕೆಯ ಮಾತು ಬಂದದ್ದೇ ಪದ್ಮಾ ಸೌಟನ್ನು ಹುಳಿಯೊಳಗೆ ಬಿಟ್ಟಳು. ಅವಳು ಎದ್ದುಹೋಗಿ ಮಂಚದ ಪಕ್ಕದಿಂದ ಅತ್ತೆಯ ಫೋನು ತೆಗೆದುಕೊಂಡು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

"ಈ ಮನೇಲಿ ಇನ್ನು ಹಾಡು ಇಲ್ಲ. ಪ್ರಕೃತಿ, ನಿನ್ನ ಫೋನಲ್ಲೂ ಇಲ್ಲ. ಮನೋಜ್‌ಗೂ ಹೇಳಿಡ್ತೀನಿ."

"ಯಾಕೆ ಅಂತ ನನಗೆ ಗೊತ್ತು" ಎಂದಳು ಪ್ರಕೃತಿ. "ಪಪ್ಪಾ ಅಳದೇ ಇದ್ರೆ ನಿನಗೆ ಸುಲಭ. ನ್ಯುಮೋನಿಯಾ ಬಂದಾಗ ಬಿಟ್ಟುಬಿಡೋಕೆ ಸುಲಭ."

ಪದ್ಮಾ ಮಗಳ ಕೆನ್ನೆಗೆ ಹೊಡೆದಳು. ಹುಟ್ಟಿದಾಗಿನಿಂದ ಹೊಡೆದಿರಲಿಲ್ಲ. ಪ್ರಕೃತಿ ಅಳಲಿಲ್ಲ, ತಟ್ಟೆ ತೆಗೆದುಕೊಂಡು ಹೋಗಿ ಸಿಂಕಿನಲ್ಲಿ ಹಾಕಿ ರೂಮಿನ ಬಾಗಿಲು ಹಾಕಿಕೊಂಡಳು. ವಿಜಯಮ್ಮ ಬೆಳ್ಳಗಾಗಿ ಗೋಡೆ ಹಿಡಿದು ನಿಂತಿದ್ದರು, ಏಟು ಬಿದ್ದದ್ದು ತಮಗೇ ಎಂಬಂತೆ. "ಹೊಡೀಬೇಡ" ಎಂದರು ಮೆಲ್ಲಗೆ. "ಏನಾದ್ರೂ ಮಾಡು, ಮಗೂನ ಹೊಡೀಬೇಡ."

ಆಮೇಲೆ ಮನೆ ಬಾವಿಯ ಹಾಗಾಯಿತು. ವಿಜಯಮ್ಮ ತಮ್ಮ ಪಾಲಿಗೆ ಬೇರೆಯಾಗಿ ಗಂಜಿ ಕಾಯಿಸಿಕೊಂಡು ಬಾಲ್ಕನಿಯ ಬಾಗಿಲ ಬಳಿ ಕೂತು ಕುಡಿಯುತ್ತಿದ್ದರು. ಪ್ರಕೃತಿ ಬೇಕಾದ್ದನ್ನು ಮೊಬೈಲಿನಲ್ಲಿ ಬರೆದು ಕಳಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಗಾಳಿ ಸೋಸುವ ಯಂತ್ರದ ಗುಂಯ್ ಸದ್ದು, ಕಫ ತೆಗೆಯುವ ಯಂತ್ರದ ಸದ್ದು, ಕುಕ್ಕರಿನ ಸೀಟಿ, ಇಷ್ಟೇ. ಹೊರಗೆ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಟವರು ಕಾಣುತ್ತಿರಲಿಲ್ಲ.

ಹಾಡು ನಿಂತದ್ದೇ ಕಣ್ಣೀರೂ ನಿಂತಿತು. ಪದ್ಮಾ ಇದನ್ನೇ ಬಯಸಿದ್ದಳು. ಆದರೆ ದಿನ ಕಳೆದ ಹಾಗೆ ಅವಳಿಗೆ ಬೇರೆ ಭಯ ಹಿಡಿಯಿತು. ಬೆಳಿಗ್ಗೆ ಮುಖ ಒರೆಸುವಾಗ ಹತ್ತಿರ ಬಾಗಿ, "ರೀ, ಕೇಳಿಸ್ತಿದೆಯಾ?" ಎಂದು ಕೇಳುತ್ತಿದ್ದಳು. ಮಗಳ ಪರೀಕ್ಷೆಯ ವಿಷಯ, ಆಫೀಸಿನ ವಿಷಯ, ಅವನ ಗೆಳೆಯರ ವಿಷಯ ಹೇಳಿದಳು. ಅವನಿಗಿಷ್ಟವಾದ ಒಗ್ಗರಣೆಯ ಬಾಣಲೆಯನ್ನೇ ತಂದು ಮೂಗಿನ ಹತ್ತಿರ ಹಿಡಿದಳು. ಕೈ ಹಿಡಿದು ಹಿಸುಕಿದಳು. ಕಣ್ಣು ಸೀಲಿಂಗನ್ನು ನೋಡುತ್ತಿತ್ತು, ಅಷ್ಟೇ. ಇಷ್ಟು ವರ್ಷ ಸಂಸಾರ ಮಾಡಿದವಳ ಧ್ವನಿಗೆ ಬಾರದ ನೀರು ಆ ಹಾಡಿಗೆ ಬಂದಿತ್ತು.

ಒಂದು ಶುಕ್ರವಾರ ಅವಳು ತಲೆನೋವೆಂದು ಹೇಳಿ ಆಫೀಸಿನಿಂದ ಬೇಗ ಬಂದಳು. ಮನೋಜನನ್ನು ಔಷಧಿ ಅಂಗಡಿಗೆ ಕಳಿಸಿದಳು. ವಿಜಯಮ್ಮ ತರಕಾರಿ ತರಲು ಕೆಳಗೆ ಹೋಗಿದ್ದರು. ಪ್ರಕೃತಿ ಟ್ಯೂಷನ್ನಿನಿಂದ ಬಂದಿರಲಿಲ್ಲ. ಪದ್ಮಾ ಬೀರು ತೆರೆದು ಅತ್ತೆಯ ಫೋನು ತಂದು ಚಾರ್ಜರಿಗೆ ಸಿಕ್ಕಿಸಿದಳು. ದಿಂಬಿನ ಪಕ್ಕ ಇಟ್ಟಳು. "ಕ್ಷಮಿಸಿ ರೀ" ಎಂದು ಹಾಡು ಹಾಕಿದಳು.

ಕೊಳಲು ಬಂತು. ಪಿಟೀಲುಗಳು ಬಂದವು. ಆ ಹೆಣ್ಣು ಮೊದಲ ಸಾಲು ಮುಗಿಸುವ ಮೊದಲೇ ಎಡಗಣ್ಣು ತುಂಬಿತು.

"ಇದೀರಾ?" ಪದ್ಮಾ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದೀರಾ ಅಲ್ಲಿ?"

ನೀರು ಇಳಿಯಿತು. ಅವಳಿಗೆ ನಗು ಬಂತು, ಅಳು ಬಂತು. ಆ ದನಿಯಲ್ಲಿ ಏನಿತ್ತೋ, ಅದು ಯಾರನ್ನೂ ಬಿಡುತ್ತಿರಲಿಲ್ಲ. ಅದನ್ನು ದ್ವೇಷಿಸುತ್ತಲೇ ಅವಳೂ ಅದರ ಜೊತೆ ಅತ್ತಳು. ಹಾಡು ಮುಗಿಯಿತು. ಇನ್ನೊಮ್ಮೆ ಹಾಕಿದಳು. ಮುಗಿಯಿತು. ಮತ್ತೊಮ್ಮೆ ಹಾಕಿದಳು. ತಾನು ಮಾಡುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು, ಆದರೂ ಬೆರಳು ನಿಲ್ಲಲಿಲ್ಲ.

"ಹೀಗೋ ವಿಷಯ."

ವಿಜಯಮ್ಮ ಮೆಂತ್ಯದ ಸೊಪ್ಪಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನನ್ನ ಕೈಯಿಂದ ಕಿತ್ಕೊಂಡು, ನೀನೊಬ್ಬಳೇ ಕೂತು ಹಾಕ್ತೀಯಾ? ನನ್ನ ಮಗನ ಕಣ್ಣೀರು ನಿನಗೊಬ್ಬಳಿಗೇ ಬೇಕಾಯ್ತಾ?"

"ಅತ್ತೆ, ಹಾಗಲ್ಲ..."

"ಇನ್ಹೇಗೆ? ಮಗಳಿಗೆ ಹೊಡೆದೆ. ನನ್ನನ್ನ ಮೂಲೇಲಿ ಕೂರಿಸಿದೆ. ನಾಟಕ ಎಲ್ಲ!" ಚೀಲ ನೆಲಕ್ಕೆ ಬಿತ್ತು. "ಕೇಳಿ ಅಳ್ತಾನೆ ಅವನು. ಅವನ ಬಾಲ್ಯ ನೆನಪಾಗತ್ತೆ, ತಾಯಿ ನೆನಪಾಗ್ತಾಳೆ, ಅದಕ್ಕೆ ಅಳ್ತಾನೆ!"

"ನೀವು ಒದೆ ತಿಂದದ್ದು ನೆನಪಾಗಿ ಅಳ್ತಾರೆ!"

ಮಾತು ಬಾಯಿಂದ ಹೊರಬಿದ್ದಿತ್ತು. ಹಾಡು ಇನ್ನೂ ನಡೆಯುತ್ತಲೇ ಇತ್ತು. ಪದ್ಮಾ ಅದನ್ನು ಆರಿಸಿದಳು. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಹೇಳಿದಳು. ರಾಜ್ಯೋತ್ಸವದ ಸಂಜೆ, ಟೇಪ್ ರೆಕಾರ್ಡರು, ಗೋಡೆಯಾಚೆಯ ಜನಕ್ಕೆ ಕೇಳಬಾರದೆಂದು ಮಾವ ಜೋರು ಮಾಡುತ್ತಿದ್ದದ್ದು, ಹೊದಿಕೆ.

ವಿಜಯಮ್ಮ ನೆಲದ ಮೇಲೆ ಕೂತರು. ಚೆಲ್ಲಿದ ಮೆಂತ್ಯವನ್ನು ಒಂದೊಂದೇ ಕಡ್ಡಿಯಾಗಿ ಚೀಲಕ್ಕೆ ಹಾಕತೊಡಗಿದರು. ಅರ್ಧ ಹಾಕಿ ನಿಲ್ಲಿಸಿದರು.

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿನಿಂದ?"

"ಯಾವಾಗಲೂ ಗೊತ್ತಿತ್ತು ಅತ್ತೆ."

"ಜೋರು ಮಾಡ್ತಿದ್ದದ್ದು ಅವರಲ್ಲ" ಎಂದರು ವಿಜಯಮ್ಮ. ಪದ್ಮಾಳಿಗೆ ಅರ್ಥವಾಗಲಿಲ್ಲ. "ಅವರಿಗೆಲ್ಲಿ ಹಾಡು ಹಾಕೋ ವ್ಯವಧಾನ? ನಾನೇ ಹಾಕ್ತಿದ್ದೆ. ಸೈಕಲ್ಲು ಗೋಡೆಗೆ ಒರಗಿಸಿದ ಶಬ್ದ ಕೇಳಿದ್ದೇ ಮಗೂನ ಮಲಗಿಸಿ, ಹೊದಿಸಿ, ಹಾಡು ಕೇಳ್ತಾ ನಿದ್ದೆ ಮಾಡು ಚಿನ್ನ ಅಂತ ಗುಂಡಿ ಒತ್ತಿ ಜೋರು ಮಾಡ್ತಿದ್ದೆ. ನಾನು ಕಿರುಚಿದ್ದು ಅವನಿಗೆ ಕೇಳದೇ ಇರ್ಲಿ ಅಂತ. ಬೆಳಿಗ್ಗೆ ಎದ್ದು ನಗ್ತಾ ಶಾಲೆಗೆ ಹೋಗ್ತಿದ್ದ. ಕೇಳಿಲ್ಲ ಅಂದ್ಕೊಂಡೆ. ಅದೊಂದರಲ್ಲಾದ್ರೂ ಗೆದ್ದೆ ಅಂದ್ಕೊಂಡೆ."

ಪದ್ಮಾ ಅವರ ಪಕ್ಕದಲ್ಲಿ ಕೂತಳು. "ಮತ್ತೆ ಈ ಹಾಡು ಹೇಗೆ ಕೇಳ್ತೀರಿ ನೀವು? ಇಷ್ಟಾದ ಮೇಲೂ?"

"ಏಟು ಬೀಳೋವಾಗ ನಾನು ಹಾಡು ಕೇಳ್ತಿದ್ದೆ ಪದ್ಮಾ. ಈಗ ಈ ಸಾಲು, ಇನ್ನು ಕೊಳಲು ಬರತ್ತೆ, ಇನ್ನೊಂದು ಸಾಲು, ಅಲ್ಲಿಗೆ ಅವರ ಕೈ ಸೋಲತ್ತೆ ಅಂತ. ಆ ಪುಣ್ಯಾತ್ಗಿತ್ತಿ ಅಷ್ಟು ಚೆನ್ನಾಗಿ ಹಾಡ್ತಾಳಲ್ಲ, ನೋವು ನನ್ನದಲ್ಲ, ಅವಳದು ಅನ್ನಿಸೋದು. ಅವಳು ಬಾಗಿಲು ತೆಗೆದಿಡ್ತೀನಿ ಅಂತಾಳೆ. ನನಗೆ ಬಾಗಿಲು ಹಾಕ್ಕೊಳ್ಳೋ ಧೈರ್ಯ ಇರ್ಲಿಲ್ಲ. ಆ ಮನೇಲಿ ನನ್ನ ಕಡೆಯವರು ಅಂತ ಇದ್ದದ್ದು ಅವಳೊಬ್ಬಳೇ." ಮಗನ ಮಂಚದ ಕಡೆ ನೋಡಲು ಹೋಗಿ ಮುಖ ತಿರುಗಿಸಿಕೊಂಡರು. "ನನಗೆ ಆಸರೆಯಾದವಳು ಅವನಿಗೆ ಹೆದರಿಕೆಯಾದಳಾ?"

ಪ್ರಕೃತಿ ಬಂದಾಗ ಅಜ್ಜಿ ಸೊಪ್ಪು ಸೋಸುತ್ತಿದ್ದರು. "ನಿನ್ನ ಫೋನಿಂದ ಆ ಹಾಡೆಲ್ಲ ತೆಗೆದುಬಿಡು ಮರಿ" ಎಂದರು.

"ಕ್ಯೂಂ ಅಜ್ಜಿ? ಅಮ್ಮ ಏನಂದ್ಲು?"

"ಅಮ್ಮ ಏನೂ ಅನ್ಲಿಲ್ಲ. ನಿಮ್ಮಪ್ಪನಿಗೆ ಅದು ಹಿಡಿಸಲ್ಲವಂತೆ. ನನಗೆ ಗೊತ್ತಿರ್ಲಿಲ್ಲ."

ಉಳಿದದ್ದನ್ನು ಪದ್ಮಾ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ ಮಗಳಿಗೆ ಹೇಳಿದಳು. ಪ್ರಕೃತಿ ಚಪಾತಿ ಬೇಯಿಸುತ್ತಿದ್ದಳು. ಒಂದು ಕರಕಾಗಿ ಹೊಗೆಯೆದ್ದಿತು, ಇಬ್ಬರೂ ನೋಡುತ್ತ ನಿಂತರು. "ನಾನು ವಿಡಿಯೊ ಮಾಡಿದೆ" ಎಂದಳು ಪ್ರಕೃತಿ ಕೊನೆಗೆ. "ಆನ್, ಆಫ್, ಆನ್ ಅಂತ ಪಪ್ಪಾನ..." ತಾಯಿ ಹಿಟ್ಟಿನ ಕೈಯಲ್ಲೇ ಅವಳನ್ನು ಎಳೆದುಕೊಂಡಳು.

ಅಂದಿನಿಂದ ವಿಜಯಮ್ಮ ಮಗನ ತಲೆಯ ಕಡೆ ಹೋಗುವುದನ್ನೇ ಬಿಟ್ಟರು. ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಗಂಜಿ ಸೋಸಿ ಮನೋಜನ ಕೈಗೆ ಕೊಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ಪದ್ಮಾ ಕರೆದರೆ, "ನನ್ನ ದನಿ ಕೇಳಿದ್ರೂ ಹೆದರ್ತಾನೇನೋ" ಎಂದುಬಿಡುತ್ತಿದ್ದರು.

ಡಿಸೆಂಬರಿನ ಮೊದಲ ವಾರ ಜ್ವರ ಬಂತು. ಎರಡು ದಿನ ಔಷಧಿಗೆ ಇಳಿಯಿತು, ಮೂರನೆಯ ದಿನ ಏರಿತು. ಎದೆಯಲ್ಲಿ ಗೊರಗೊರ ಸದ್ದು. ಆಮ್ಲಜನಕದ ಸಿಲಿಂಡರು ತರಿಸಿದರು. ಬೆಳಿಗ್ಗೆ ಮನೆಗೆ ಬಂದು ನೋಡಿದ ಡಾಕ್ಟರಮ್ಮ, "ಮಧ್ಯಾಹ್ನದೊಳಗೆ ಹೇಳಿ. ಆಸ್ಪತ್ರೆಗೆ ತರುವುದಾದರೆ ತಡ ಮಾಡಬೇಡಿ. ತರದಿದ್ದರೆ ಅದೂ ತಪ್ಪಲ್ಲ, ಉಸಿರಾಟದ ಸಂಕಟ ಕಡಿಮೆಯಾಗುವ ಔಷಧಿ ಬರೆದುಕೊಡುತ್ತೇನೆ" ಎಂದು ಹೋದರು.

ಮೂವರೂ ಊಟದ ಮೇಜಿನ ಸುತ್ತ ಕೂತರು. ಯಾರೂ ಏನೂ ತಿಂದಿರಲಿಲ್ಲ.

"ಕರ್ಕೊಂಡು ಹೋಗೋಣ" ಎಂದಳು ಪ್ರಕೃತಿ. "ಪ್ಲೀಸ್ ಅಮ್ಮ."

ಪದ್ಮಾ ಅತ್ತೆಯ ಕಡೆ ನೋಡಿದಳು. ಡಾಕ್ಟರ ಕೋಣೆಯಿಂದ ಸಿಡಿದೆದ್ದು ಬಂದ ಹೆಂಗಸು ಇವರೇನಾ ಎನ್ನುವಂತಿದ್ದರು.

"ಬೇಡ" ಎಂದರು ವಿಜಯಮ್ಮ. "ಏನೂ ಕೇಳಿಸ್ತಿಲ್ಲ ಅಂದ್ರೆ ಅವನು ಯಾವತ್ತೋ ಹೋಗಿದಾನೆ. ಕೇಳಿಸ್ತಿದ್ರೆ ಇನ್ನೂ ಆ ಹೊದಿಕೆ ಒಳಗೇ ಇದಾನೆ. ಅಲ್ಲಿ ಇಟ್ಕೋಬೇಡಿ ಅವನನ್ನ. ಸಾಕು."

"ಅಜ್ಜಿ!"

"ಹೆತ್ತಿದೀನಿ ಮರಿ. ಮನಸ್ಸಿದ್ದು ಹೇಳ್ತಿಲ್ಲ."

ಪದ್ಮಾ ಬಹಳ ಹೊತ್ತು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದಳು. "ಸರಿ ಅತ್ತೆ" ಎಂದಳು. ಔಷಧಿಯ ಚೀಟಿ ಮನೋಜನ ಕೈಗೆ ಕೊಟ್ಟಳು. ಪ್ರಕೃತಿ ಎದ್ದುಹೋಗಿ ಅಪ್ಪನ ಕಾಲ ಬಳಿ ತಲೆಯಿಟ್ಟು ಕೂತಳು.

ಆಗ ವಿಜಯಮ್ಮ ಎದ್ದರು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಕುಂಕುಮವಿಲ್ಲದ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಇಷ್ಟು ದಿನದ ಮೇಲೆ ಮಗನ ತಲೆಯ ಬಳಿ ಸ್ಟೂಲು ಎಳೆದು ಕೂತರು. ಆಮ್ಲಜನಕದ ಮುಖವಾಡದ ಕೆಳಗೆ ರಘುನಂದನನ ಎದೆ ಎದ್ದು ಬೀಳುತ್ತಿತ್ತು.

"ರಘು" ಎಂದರು. ಕೂಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಪಕ್ಕದಲ್ಲಿ ಕೂತವನ ಜೊತೆ ಮಾತಾಡುವ ದನಿ. "ನಿಮ್ಮಪ್ಪ ನನ್ನನ್ನ ಹೊಡೀತಿದ್ರು ಕಣೋ. ನಿನಗೆ ಗೊತ್ತಿತ್ತಂತೆ. ನಾನು ನಿನಗೆ ಯಾವತ್ತೂ ಹೇಳಲೇ ಇಲ್ಲ, ನೀನೂ ನನಗೆ ಹೇಳಲಿಲ್ಲ. ಟೇಪು ಜೋರು ಮಾಡಿದ್ದು ಅವರಲ್ಲ, ನಾನು. ನಿನಗೆ ಕೇಳದೇ ಇರ್ಲಿ ಅಂತ. ತಪ್ಪು ಮಾಡಿದೆ. ನಿನ್ನನ್ನ ಎತ್ಕೊಂಡು ಹೊರಗೆ ಓಡಬೇಕಿತ್ತು. ಅದು ಬಿಟ್ಟು ಹೊದಿಕೆ ಹೊದಿಸಿದೆ. ಆ ಮನೆ ಈಗಿಲ್ಲ ಮಗನೇ, ಗಿರಣಿ ಲೈನು ಪೂರಾ ಕೆಡವಿದಾರೆ. ಅವರೂ ಇಲ್ಲ. ನನಗೆ ಎಲ್ಲೂ ನೋವಿಲ್ಲ ಈಗ. ನೋಡು, ಕೈ ಗಟ್ಟಿಯಾಗಿದೆ. ಹೆದರಬೇಡ. ಹೋಗೋದಾದ್ರೆ ಹೆದರದೆ ಹೋಗು."

ಅವನ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿದರು. ಆಮೇಲೆ ತಲೆಯೆತ್ತಿದರು, ಮತ್ತು ಅವರ ಮುಖ ಬದಲಾಯಿತು.

"ಪದ್ಮಾ."

ಪದ್ಮಾ ಬಂದು ನೋಡಿದಳು. ಎರಡೂ ಕಣ್ಣುಗಳಿಂದ ನೀರು ಇಳಿದು ಮುಖವಾಡದ ಪಟ್ಟಿಯನ್ನು ತೋಯಿಸುತ್ತಿತ್ತು.

"ಪದ್ಮಾ, ಈಗ ಹಾಡಿಲ್ಲ."

ಪ್ರಕೃತಿ ಎದ್ದು ನಿಂತಳು. ಪದ್ಮಾ ಆಂಬುಲೆನ್ಸಿಗೆ ಫೋನು ಮಾಡಿದಳು, ವಿಳಾಸ ಹೇಳಲಾಗದೆ ಫೋನನ್ನು ಮಗಳ ಕೈಗೆ ಕೊಟ್ಟಳು. ಹೊಗೆಯಲ್ಲಿ ಗಾಡಿ ಗೇಟಿನವರೆಗೆ ಬರಲು ಒದ್ದಾಡಿತು. ಸ್ಟ್ರೆಚರು ಲಿಫ್ಟಿನಲ್ಲಿ ಹಿಡಿಸದೆ ಅವನನ್ನು ಅರ್ಧ ಕೂರಿಸಿದಂತೆ ಇಳಿಸಬೇಕಾಯಿತು. ವಿಜಯಮ್ಮ ಬರಿಗಾಲಲ್ಲೇ ಗಾಡಿ ಹತ್ತಿದ್ದರು.

ರಘುನಂದನ್ ಉಳಿದ. ಹೊಸ ವರ್ಷ ಕಳೆದ ಮೇಲೆ ಮನೆಗೆ ಬಂದ. ಗಂಟಲಿನಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ದರು, ಮೈ ಅರ್ಧವಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಪದ್ಮಾ ಆ ದಿನದ ಕಣ್ಣೀರಿನ ವಿಷಯ ಹೇಳಿದಾಗ ಡಾಕ್ಟರಮ್ಮ ಸ್ವಲ್ಪ ಯೋಚಿಸಿ, "ಜೋರು ಜ್ವರದಲ್ಲಿ, ಮುಖವಾಡದ ಗಾಳಿಗೂ ಕಣ್ಣಲ್ಲಿ ನೀರು ಬರುತ್ತದೆ" ಎಂದಿದ್ದರು. ಪದ್ಮಾ ಅದನ್ನು ಮನೆಯಲ್ಲಿ ಹೇಳಲಿಲ್ಲ. ಆಮೇಲೆ ಅವನ ಕಣ್ಣಲ್ಲಿ ಮತ್ತೆ ನೀರು ಬರಲೇ ಇಲ್ಲ. ಒಂದು ದಿನ ಪ್ರಕೃತಿ, "ನಾವು ಮಾಡಿದ್ದು ಸರೀನಾ ಅಮ್ಮ?" ಎಂದು ಕೇಳಿದಳು. "ಗೊತ್ತಿಲ್ಲ" ಎಂದಳು ಪದ್ಮಾ. "ನಿನಗೆ?" ಅವಳೂ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದಳು.

ಜನವರಿಯ ಒಂದು ಸಂಜೆ ಪದ್ಮಾ ಆಫೀಸಿನಿಂದ ಬಂದಾಗ ಹಾಲ್‌ನಲ್ಲಿ ಅತ್ತೆಯ ಮಾತು ಕೇಳಿಸುತ್ತಿತ್ತು. ಈಗೀಗ ಮಧ್ಯಾಹ್ನದಿಂದ ಸಂಜೆಯವರೆಗೆ ಅದೇ ಅವರ ಕೆಲಸ. ಗಿರಣಿಯ ಸೈರನ್ನಿನಿಂದ ಹಿಡಿದು ನಲ್ಲಿಯ ಜಗಳದವರೆಗೆ ಎಲ್ಲವನ್ನೂ ಮಗನಿಗೆ ಹೇಳುತ್ತ ಬಂದಿದ್ದರು, ಹೊಡೆತದ ವಿಷಯವನ್ನೂ ಬಿಡದೆ. ಇವತ್ತು ಆ ಕಥೆಯಲ್ಲಿ ಅವನು ಮೂರನೆಯ ಕ್ಲಾಸಿಗೆ ಬಂದಿದ್ದ. ಪದ್ಮಾ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಆ ವರ್ಷ ನಿನಗೆ ಲೆಕ್ಕಕ್ಕೆ ಒಬ್ಬರು ಮೇಷ್ಟ್ರಿದ್ರಲ್ಲ, ಬೆತ್ತ ಮುಟ್ಟದೇ ಇದ್ದವರು. ಏನವರ ಹೆಸರು?" ಎಂದು ವಿಜಯಮ್ಮ ಕೇಳಿದರು. ಮುಂದಕ್ಕೆ ಬಾಗಿ, ಮಗನ ಮುಖವನ್ನೇ ನೋಡುತ್ತ ಕಾದರು. ಕೊಳವೆಯಲ್ಲಿ ಉಸಿರು ಹೋಗಿ ಬಂತು, ಹೋಗಿ ಬಂತು.

"ಇರ್ಲಿ ಬಿಡು" ಎಂದರು. "ನೆನಪಾದಾಗ ಹೇಳುವಿಯಂತೆ." ಹೊದಿಕೆಯನ್ನು ಅವನ ಮುಖದಿಂದ ದೂರಕ್ಕೆ, ಎದೆಯವರೆಗೆ ಸರಿಸಿ, ಮುಂದಿನ ಮಾತಿಗೆ ಹೋದರು.